ಅಂಚಿನ ನಡುವಿನ ಎಳೆ

ಗಣಿತದ ಮೇಷ್ಟ್ರು ನೇಕಾರರ ಮನೆಯ ಹುಡುಗಿಗೆ ಹೇಳಿದ್ದರು: "ಹಿಂದೆ ಮುಂದೆ ಹೇಗೆ ಓದಿದರೂ ಒಂದೇ ಆಗಿರುವ, ಅವಿಭಾಜ್ಯವಾದ ಒಂದು ದೊಡ್ಡ ಸಂಖ್ಯೆ ಹುಡುಕಿ ತಾ. ಶಿಷ್ಯಳಾಗಿ ಸೇರಿಸಿಕೊಳ್ಳುತ್ತೇನೆ."

ಅವಳು ನಾಲ್ಕು ಅಂಕಿ ಬರೆದು, ಅದನ್ನೇ ತಿರುಗಿಸಿ ಪಕ್ಕಕ್ಕೆ ಜೋಡಿಸುತ್ತಿದ್ದಳು. 10000001ರಿಂದ ಹಿಡಿದು ಮುನ್ನೂರು ಸಂಖ್ಯೆ ನೋಡಿದರೂ ಎಲ್ಲವೂ ಹನ್ನೊಂದರಿಂದ ಭಾಗವಾಗಿಬಿಟ್ಟವು.

"ದೇವರಿಗೇ ನನ್ನ ಮೇಲೆ ಕೋಪ, ಅತ್ತೆ," ಎಂದು ಪುಸ್ತಕ ಮುಚ್ಚಿದಳು.

ಮಗ್ಗದ ಮುಂದೆ ಕೂತಿದ್ದ ಅತ್ತೆ ಇಣುಕಿ ನೋಡಿದರು. "ಅವನಿಗೆ ನೀನು ಜಾಗ ಎಲ್ಲಿಟ್ಟಿದ್ದೀಯೇ, ತಾಯಿ? ಎಲ್ಲ ಅಂಕಿಗೂ ಜೋಡಿ ಕಟ್ಟಿದ್ದೀಯ. ನಮ್ಮ ಸೀರೆ ಅಂಚಿನ ನಡುವೆ ಒಂಟಿ ಎಳೆ ಬಿಡ್ತೀವಲ್ಲ, ಅದು ಅವನದು."

ಹುಡುಗಿ ಹನ್ನೊಂದರ ಪರೀಕ್ಷೆಯಂತೆ ಒಂದು ಅಂಕಿಯನ್ನು ಕೂಡಿ, ಮುಂದಿನದನ್ನು ಕಳೆಯುತ್ತ ಹೋದಳು. ಪ್ರತಿ ಜೋಡಿಯಲ್ಲೂ ಒಂದು ಕೂಡಿದರೆ ಇನ್ನೊಂದು ಕಳೆಯುತ್ತಿತ್ತು; ಕೊನೆಗೆ ಸೊನ್ನೆ. ಜೋಡಿಗಳಷ್ಟೇ ಇದ್ದರೆ ಹನ್ನೊಂದು ಬಿಡುವಂತೆಯೇ ಇರಲಿಲ್ಲ!

ನಡುವೆ ಒಂಟಿ ಅಂಕಿ ಇಟ್ಟಳು. ಸೊನ್ನೆ, ಒಂದು, ಎರಡು ಬೇಗ ಸೋತವು. ಮೂರು ಇಟ್ಟಾಗ 100030001 ಆಯಿತು. ಎರಡು ತಿಂಗಳು, ಸಾವಿರಕ್ಕೂ ಹೆಚ್ಚು ಭಾಗಾಕಾರ ಮಾಡಿದರೂ ಅದು ಜಗ್ಗಲಿಲ್ಲ.

ಮೇಷ್ಟ್ರು ಅದನ್ನು ಎರಡೂ ಕಡೆಯಿಂದ ಓದಿ, ಅತ್ತೆ ಹೇಳಿದ ಒಂಟಿ ಎಳೆಯ ಮಾತನ್ನೂ ಅವಳಿಂದ ಕೇಳಿ, "ನಾಳೆಯಿಂದ ಬಾರಮ್ಮ," ಎಂದರು. "ಪುರುಸೊತ್ತಿದ್ದರೆ ನಿಮ್ಮ ಅತ್ತೇನೂ ಕರ್ಕೊಂಡು ಬಾ."