ಹದಿನಾರು ಪಟ್ಟು ಗಟ್ಟಿಯ ಸೇತುವೆ

ಬೇಸಿಗೆ ರಜೆಯಲ್ಲಿ ಇಂಜಿನಿಯರಿಂಗ್ ಕಾಲೇಜೊಂದು ಪ್ರೌಢಶಾಲೆಯ ಮಕ್ಕಳಿಗಾಗಿ ಆರು ದಿನಗಳ ಶಿಬಿರ ನಡೆಸಿತು. ನಾಲ್ವರಿಗೊಂದು ತಂಡ, ತಂಡಕ್ಕೊಂದು ಸೇತುವೆ. ನಿಯಮಗಳು ಮೂರು. ಸೇತುವೆಯನ್ನು ಐಸ್‌ಕ್ರೀಂ ಕಡ್ಡಿ ಮತ್ತು ಗೋಂದಿನಿಂದಲೇ ಕಟ್ಟಬೇಕು. ನಲವತ್ತು ಸೆಂಟಿಮೀಟರ್ ದೂರದಲ್ಲಿಟ್ಟ ಎರಡು ಮೇಜುಗಳ ನಡುವೆ ಅದು ಐದು ಕಿಲೋ ಮರಳಿನ ಬಕೆಟ್ಟನ್ನು ಹೊರಬೇಕು. ಅದರ ಸ್ವಂತ ತೂಕ ನೂರೈವತ್ತು ಗ್ರಾಂ ಮೀರಬಾರದು.

ಮೂರನೆಯ ತಂಡದ ಹುಡುಗಿಯೊಬ್ಬಳಿಗೆ ಮಾತ್ರ ನಾಲ್ಕನೆಯ ನಿಯಮವೊಂದಿತ್ತು. ಅದನ್ನು ವಿಧಿಸಿದವರು ಅವಳ ತಾಯಿ. ಶಿಬಿರ ಮುಗಿಸಿದವರು ಅದೇ ಕಾಲೇಜಿನ ಎರಡು ವರ್ಷದ ತಾಂತ್ರಿಕ ತರಗತಿಗೆ ಅರ್ಜಿ ಹಾಕಬಹುದಿತ್ತು. ಅರ್ಜಿಗೆ ಪೋಷಕರ ಸಹಿ ಬೇಕಿತ್ತು. ಹುಡುಗಿಗೆ ಆ ತರಗತಿಯ ಹೊರತು ಬೇರೆ ಆಸೆಯಿರಲಿಲ್ಲ. ಆದರೆ ಅವಳು, ಅಜ್ಜಿ ಮಡಿಸಿಟ್ಟ ಬಟ್ಟೆಯನ್ನು ಬಿಚ್ಚಿ ಮತ್ತೆ ಮಡಿಸುವವಳು. ಅಣ್ಣ ಹಾಕಿದ ಬೀಗವನ್ನು ತೆಗೆದು ಮತ್ತೆ ಹಾಕುವವಳು.

“ಇಂಜಿನಿಯರ್ ಕೆಲಸ ಒಬ್ಬರೇ ಮಾಡೋದಲ್ಲ ಕಣೆ,” ಎಂದಿದ್ದರು ತಾಯಿ. “ಇನ್ನೊಬ್ಬರು ಮಾಡಿದ್ದನ್ನ ತಿದ್ದದೆ ನಾಲ್ಕು ಜನರ ಜೊತೆ ಒಂದು ಕೆಲಸ ಮುಗಿಸಿ ತೋರಿಸು, ಸಹಿ ಹಾಕ್ತೀನಿ. ಇಲ್ಲಾಂದ್ರೆ ಮನೇಲೇ ಇರು. ತಿದ್ದೋಕೆ ನಾವಿದ್ದೀವಲ್ಲ.”

ಮೊದಲ ದಿನ ಗೋಂದಿನ ಬಾಟಲಿಯ ಮೇಲಿನ ತಾರೀಖನ್ನು ಎರಡು ಸಲ ಓದಿದ್ದರಿಂದ ತಂಡದವರು ಅವಳನ್ನು ‘ಇನ್‌ಸ್ಪೆಕ್ಟರ್’ ಎಂದು ಕರೆದರು. ಉಳಿದ ಮೂವರು ಏಣಿ ಎಂಬ ಉದ್ದನೆಯ ಹುಡುಗ, ಕನ್ನಡಕ ಎಂಬ ಹುಡುಗಿ, ಕುಳ್ಳ ಎಂಬ ಗಿಡ್ಡ ಹುಡುಗ. ಭಾರದ ಲೆಕ್ಕ ಏಣಿಯದು, ಕಡ್ಡಿಗಳ ಎಣಿಕೆ ಕನ್ನಡಕದವಳದು, ಅಂಟಿಸುವುದು ಕುಳ್ಳನದು, ಜೋಡಣೆ ಇನ್‌ಸ್ಪೆಕ್ಟರ್‌ದು.

ಪ್ರಾಧ್ಯಾಪಕರು ಅಂದೇ ಒಂದು ಮಾತು ಹೇಳಿದ್ದರು: “ಐದು ಕಿಲೋ ಹೊರಬೇಕಾದದ್ದನ್ನ ಹತ್ತು ಕಿಲೋಗೆ ಕಟ್ಟಿ. ನಮ್ಮ ತಪ್ಪುಗಳಿಗೂ ಸ್ವಲ್ಪ ಜಾಗ ಬೇಕಲ್ಲ.” ಎರಡು ಪಟ್ಟು ಮಾಡಬೇಕಾದವರು ಯಾರು ಎಂದು ಅವರು ಹೇಳಲಿಲ್ಲ, ಯಾರೂ ಕೇಳಲಿಲ್ಲ.

ಏಣಿ ಐದನ್ನು ಹತ್ತು ಮಾಡಿದ. ಅವನ ಕೈಬರಹ ಕಂಡು ನಂಬಿಕೆ ಕಳೆದುಕೊಂಡ ಕನ್ನಡಕ, ಕಡ್ಡಿಗಳನ್ನು ಇಮ್ಮಡಿ ಮಾಡಿದಳು. ಎಣಿಸುವಾಗ ಅವಳು ಆಕಳಿಸಿದ್ದನ್ನು ನೋಡಿದ್ದ ಕುಳ್ಳ, ನಾಲ್ಕು ಪದರ ಬರೆದಿದ್ದಲ್ಲೆಲ್ಲ ಎಂಟರಂತೆ ಅಂಟಿಸಿದ. ಇನ್‌ಸ್ಪೆಕ್ಟರ್ ನಾಲ್ಕು ದಿನ ತಡೆದುಕೊಂಡಳು. ಐದನೆಯ ದಿನ ಉಳಿದವರು ಊಟಕ್ಕೆ ಹೋದಾಗ, ತಾನು ಉಪವಾಸವಿದ್ದು, ಇಡೀ ಸೇತುವೆಯ ಮೇಲೆ ಇನ್ನೊಂದು ಸೇತುವೆಯನ್ನೇ ಅಂಟಿಸಿದಳು.

“ಸ್ವಲ್ಪ ದಪ್ಪ ಆಯ್ತೇನೋ,” ಎಂದ ಕುಳ್ಳ, ಊಟ ಮುಗಿಸಿ ಬಂದು.

“ಗೋಂದು ಉಬ್ಬಿರಬೇಕು,” ಎಂದಳು ಇನ್‌ಸ್ಪೆಕ್ಟರ್.

ಆ ದಪ್ಪಕ್ಕೆ ತಾನೇ ಕಾರಣವೆಂದು ಪ್ರತಿಯೊಬ್ಬರಿಗೂ ತಿಳಿದಿದ್ದುದರಿಂದ ಯಾರೂ ಮಾತು ಬೆಳೆಸಲಿಲ್ಲ.

ಆರನೆಯ ದಿನ ಪೋಷಕರೆಲ್ಲ ಬಂದು ಕುಳಿತರು. ಪ್ರಾಧ್ಯಾಪಕರು ಮೂರನೆಯ ತಂಡದ ಸೇತುವೆಯನ್ನು ತಕ್ಕಡಿಯ ಮೇಲಿಟ್ಟರು. ಒಂಬೈನೂರ ಅರವತ್ತು ಗ್ರಾಂ. ಅವರು ತಕ್ಕಡಿಯನ್ನು ಬೆರಳಿನಿಂದ ತಟ್ಟಿ ನೋಡಿದರು. ಅಂಕಿ ಬದಲಾಗಲಿಲ್ಲ.

“ಇದು ಸೇತುವೆಯೋ, ಬಾಗಿಲಿನ ಹೊಸ್ತಿಲೋ?”

“ಸರ್, ಇದರ ಮೇಲೆ ನಾನೇ ನಿಂತ್ಕೋಬಹುದು,” ಎಂದ ಕಾರ್ಯಾಗಾರದ ಮೆಕ್ಯಾನಿಕ್.

“ನಿಮ್ಮ ತೂಕ?”

“ಎಪ್ಪತ್ತೆರಡು.”

ಪ್ರಾಧ್ಯಾಪಕರು ಬೋರ್ಡಿನ ಮೇಲೆ ಏನೋ ಗುಣಿಸಿದರು. “ನಿಲ್ಲಿ. ಇನ್ನೂ ಎಂಟು ಕಿಲೋ ಮಿಗುತ್ತೆ.”

ಮೆಕ್ಯಾನಿಕ್ ಅದನ್ನು ಎರಡು ಮೇಜುಗಳ ನಡುವೆ ಇಟ್ಟು, ಹತ್ತಿ ನಿಂತ. ಸೇತುವೆ ಅಲುಗಲಿಲ್ಲ.

“ಐದು ಕಿಲೋ ಹೊರೋಕೆ ಅರವತ್ತು ಗ್ರಾಂ ಸಾಕು,” ಎಂದರು ಪ್ರಾಧ್ಯಾಪಕರು. “ಇದು ಹದಿನಾರು ಪಟ್ಟು. ಅಂದ್ರೆ ನಾಲ್ಕು ಸಲ ಇಮ್ಮಡಿ ಆಗಿದೆ. ತಂಡದಲ್ಲಿ ಎಷ್ಟು ಜನ?”

“ನಾಲ್ಕು,” ಎಂದ ಏಣಿ, ನೆಲ ನೋಡುತ್ತ.

ಎರಡನೆಯ ಸಾಲಿನಲ್ಲಿ ತಾಯಿ ಕೈ ಕಟ್ಟಿಕೊಂಡರು. ಇನ್‌ಸ್ಪೆಕ್ಟರ್ ಬಾಯಿ ಬಿಡುವ ಮೊದಲೇ ಗಣಿತವು ಚಾಡಿ ಹೇಳಿ ಮುಗಿಸಿತ್ತು.

“ಅರ್ಧ ಗಂಟೆ ಕೊಡ್ತೀನಿ. ಮೂರು ಜನ ತಮ್ಮ ಪಾಲು ಕಿತ್ತರೆ ನೂರಿಪ್ಪತ್ತಕ್ಕೆ ಇಳಿಯುತ್ತೆ. ಒಬ್ಬರದು ಉಳೀಲಿ. ಯಾರದು, ನೀವೇ ಹೇಳಿ.”

“ನಂದು ಹೊಸದು, ನೀಟಾಗಿದೆ,” ಎಂದಳು ಇನ್‌ಸ್ಪೆಕ್ಟರ್ ಅಭ್ಯಾಸಬಲದಿಂದ. ಮೂವರೂ ಅವಳನ್ನು ನೋಡಿದರು. ಅವಳು ಎರಡನೆಯ ಸಾಲನ್ನು ನೋಡಿದಳು. “ಬೇಡ. ಏಣಿದು ಉಳೀಲಿ. ಮಾಡಬೇಕಾಗಿದ್ದವನು ಅವನೇ.”

ಅವಳು ಚಾಕು ಹಿಡಿದು ತನ್ನ ಎಂಟು ಪದರಗಳನ್ನು ಕಿತ್ತಳು. ಗೋಂದು ಇನ್ನೂ ಹಸಿಯಾಗಿತ್ತು. ಮುಂದಿನ ನಾಲ್ಕು ಕುಳ್ಳನವು. ಅವನು ಚಾಕುವನ್ನು ಓರೆಯಾಗಿ ತೂರಿಸಿ, ಕಡ್ಡಿಯೊಂದರ ತುದಿ ಸೀಳಿದ. ಇನ್‌ಸ್ಪೆಕ್ಟರ್ ಸ್ಟೂಲಿನ ಮೇಲೆ ಕುಳಿತು, ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಸೇರಿಸಿ, ಅವುಗಳ ಮೇಲೆ ತನ್ನ ಇಡೀ ಭಾರ ಬಿಟ್ಟಳು.

“ಉಸಿರಾದ್ರೂ ಬಿಡೇ, ಇನ್‌ಸ್ಪೆಕ್ಟರ್,” ಎಂದಳು ಕನ್ನಡಕ.

“ನೀನು ನಿನ್ನ ಎರಡು ಪದರ ನೋಡ್ಕೋ.”

ಕೊನೆಗೆ ತಕ್ಕಡಿ ನೂರಮೂವತ್ತೊಂದು ತೋರಿಸಿತು. ಒಣಗಿದ ಗೋಂದು ಬಿಟ್ಟುಬರಲಿಲ್ಲ. ಸೇತುವೆ ಎಡಕ್ಕೆ ವಾಲಿತ್ತು. ಬಕೆಟ್ ತೂಗುಹಾಕಿದಾಗ ಅದು ಎರಡು ಸಲ ಕಿರುಗುಟ್ಟಿತು. ಇನ್‌ಸ್ಪೆಕ್ಟರ್ ಕಣ್ಣು ಮುಚ್ಚಿಕೊಂಡಳು. ಒಂದು ನಿಮಿಷ ಕಳೆಯಿತು. ಬಕೆಟ್ ಬಿದ್ದ ಸದ್ದು ಕೇಳಲಿಲ್ಲ. ಹನ್ನೆರಡು ತಂಡಗಳಲ್ಲಿ ಅವರಿಗೆ ಹನ್ನೊಂದನೆಯ ಸ್ಥಾನ ಬಂದಿತು.

ಹುಡುಗಿ ಅರ್ಜಿ ಹಿಡಿದು ತಾಯಿಯ ಮುಂದೆ ನಿಂತಳು. “ನಿನ್ನೆ ತಿದ್ದಿದ್ದೆ ಅಮ್ಮ.”

“ಹದಿನಾರು ಅಂದಾಗಲೇ ಗೊತ್ತಾಯ್ತು. ನಿನ್ನ ಪಾಲಿಲ್ಲದೆ ಎಂಟರಲ್ಲೇ ನಿಲ್ತಿತ್ತು.”

“ಸಹಿ ಇಲ್ವಾ ಹಾಗಾದ್ರೆ?”

“ಆ ಹುಡುಗ ಕಡ್ಡಿ ಸೀಳಿದಾಗ ಕೈ ಮೇಲೆ ಕೂತಿದ್ದೆಯಲ್ಲ, ನೋಡಿದೆ,” ಎಂದರು ತಾಯಿ. “ನಂಗೇ ಎದ್ದು ಬಂದು ಚಾಕು ಕಿತ್ಕೋಬೇಕು ಅನ್ನಿಸ್ತಿತ್ತು. ಪೆನ್ ಕೊಡು.”

ಅವರು ಸಹಿ ಹಾಕಿದರು. ಕಾಗದವನ್ನು ಬೆಳಕಿಗೆ ಹಿಡಿದು ನೋಡಿದರು. ಮತ್ತೆ ಮೇಜಿನ ಮೇಲಿಟ್ಟು, ಅದರ ಕೆಳಗೇ ಇನ್ನೊಂದು ಸಹಿ ಹಾಕಿದರು.

“ಒಂದೇ ಸಾಕಿತ್ತಲ್ಲ,” ಎಂದರು ಪ್ರಾಧ್ಯಾಪಕರು.

“ಇರಲಿ ಸರ್. ಮೊದಲನೇದು ಸ್ವಲ್ಪ ಮಸುಕಾಗಿ ಬಂದಿದೆ.”