ರಿಬ್ಬನ್ನಿನ ತುದಿ

"ಬಲಗೈ ಅಂಗಿಯೊಳಗೇ ಇರ್ಲಿ ಸಾರ್. ತೋಳು ಖಾಲಿ ಕಾಣ್ಬೇಕು."

ಸೇಫ್ಟಿ ಪಿನ್ನು ಹಿಡಿದು ನಿಂತಿದ್ದ ವೇಣಿ ಹೇಳಿದಳು. ಬೊಮ್ಮಸಂದ್ರದಲ್ಲಿ ತಗಡು ಒತ್ತುವ ಈ ಪ್ರೆಸ್ ಕಾರ್ಖಾನೆಯ ಎಚ್ಆರ್ ಅವಳು. ಸಿದ್ದರಾಜು ತೊಟ್ಟು ಬಂದಿದ್ದ ರೇಷ್ಮೆ ಜುಬ್ಬ ಕುರ್ಚಿಯ ಮೇಲಿತ್ತು. ಮೈಮೇಲೆ ಕಂಪನಿಯ ನೀಲಿ ಅಂಗಿ, ಎರಡು ಅಳತೆ ದೊಡ್ಡದು.

"ಫೋನಲ್ಲಿ ಇದನ್ನ ಹೇಳಿರ್ಲಿಲ್ಲ ನೀವು."

"ಸಣ್ಣ ವಿಷಯ ಅಲ್ವಾ ಸಾರ್. ವರ್ಕರ್ಸೆಲ್ಲ ಆ ಫಿಲ್ಮು ನಿಜ ಅಂತ ನಂಬಿದಾರೆ. ಎರಡೂ ಕೈ ನೋಡ್ಬಿಟ್ರೆ ಇಂಪ್ಯಾಕ್ಟೇ ಹೋಗ್ಬಿಡತ್ತೆ."

"ನಾನು ಕಲಾವಿದ ಅಂತ ಹೇಳಲ್ವಾ ಅವರಿಗೆ?"

"ಮಾತಾಡೋಕೆ ಐದು ನಿಮಿಷ ಕೊಡ್ತೀವಲ್ಲ ಸಾರ್," ಎಂದು ವೇಣಿ ಖಾಲಿ ತೋಳನ್ನು ಮಡಚಿ ಭುಜಕ್ಕೆ ಪಿನ್ನು ಚುಚ್ಚಿದಳು.

ಫೋನಿನಲ್ಲಿ ಅವಳು ಚೀಫ್ ಗೆಸ್ಟ್ ಅಂದಿದ್ದಳು. ಸುರಕ್ಷತಾ ದಿನಕ್ಕೆ ಬರಬೇಕಿದ್ದ ದೊಡ್ಡ ಅಧಿಕಾರಿ ಕೈಕೊಟ್ಟಿದ್ದು ಇಲ್ಲಿಗೆ ಬಂದ ಮೇಲೆ ಗೊತ್ತಾಯಿತು. ಹಾಳೂರಿಗೆ ಉಳಿದವನೇ ಗೌಡ. ಇರಲಿ, ಗೌಡ ಗೌಡನೇ ಎಂದುಕೊಂಡ ಸಿದ್ದರಾಜು. ಆ ಐದು ನಿಮಿಷಕ್ಕಾಗಿ ಅವನು ಮೂರು ದಿನದಿಂದ ಕನ್ನಡಿಯ ಮುಂದೆ ತಯಾರಾಗಿದ್ದ. ಮೊದಲ ವಾಕ್ಯ: ನಾನೊಬ್ಬ ನಟ.

ಹಾಗೆಂದು ಅವನನ್ನು ಯಾರಾದರೂ ಕರೆದು ಎಷ್ಟು ಕಾಲವಾಯಿತೋ. ಕನ್ನಡ ಎಂ.ಎ. ಮಾಡಿ, ರಂಗಶಾಲೆಯಲ್ಲಿ ಎರಡು ವರ್ಷ ಮಣ್ಣು ಹೊತ್ತು, ಹತ್ತೊಂಬತ್ತು ಸಿನಿಮಾಗಳಲ್ಲಿ ಅವನು ನಟಿಸಿದ್ದ. ಆಪರೇಷನ್ ಥಿಯೇಟರಿನಿಂದ ಹೊರಬಂದು ತಲೆಯಾಡಿಸುವ ಡಾಕ್ಟರು. ಹೀರೋ ಒದೆಯುವ ಐವರಲ್ಲಿ ಮೂರನೆಯವನು. ಧಾರಾವಾಹಿಯಲ್ಲಿ ಹೆಣ್ಣು ನೋಡಲು ಬಂದು ಉಪ್ಪಿಟ್ಟು ತಿಂದು ಹೋದ ಚಿಕ್ಕಪ್ಪ. ಒಂದನ್ನೂ ಯಾರೂ ನೆನಪಿಟ್ಟುಕೊಳ್ಳಲಿಲ್ಲ. ನೆನಪಿಟ್ಟಿದ್ದು ಹನ್ನೊಂದು ನಿಮಿಷದ ಒಂದು ಸುರಕ್ಷತಾ ಚಿತ್ರವನ್ನು ಮಾತ್ರ. ಅದನ್ನು ಮಾಡಿದ್ದು ೨೦೦೭ರಲ್ಲಿ. ಈಗ ಏಳು ವರ್ಷ. ಅದರಲ್ಲಿ, ಅವಸರಕ್ಕೆ ಮೆಷಿನ್ನಿನ ರಕ್ಷಣೆಯ ಗಾರ್ಡು ಬಿಚ್ಚಿ ಬಲಗೈ ಕಳೆದುಕೊಳ್ಳುವ ಶಂಕರ ಎಂಬ ಕೆಲಸಗಾರ ಅವನು. ಪೀಣ್ಯದಿಂದ ಬೊಮ್ಮಸಂದ್ರದವರೆಗೆ ಹೊಸದಾಗಿ ಕೆಲಸಕ್ಕೆ ಸೇರಿದವರೆಲ್ಲ ಮೊದಲು ನೋಡುವುದು ಅದನ್ನೇ.

ಬಸ್ಸಿನಲ್ಲಿ ಜನ ಅವನ ಮುಖ ನೋಡಿ, ತಟ್ಟನೆ ಕೈ ನೋಡುತ್ತಿದ್ದರು. "ಏನ್ ಗುರು, ಕೈ ಬಂದ್ಬಿಟ್ಟಿದೆ?" ಎಂದು ನಗುತ್ತಿದ್ದರು. ಅವನೂ ನಗುತ್ತಿದ್ದ. ಚೆನ್ನಾಗಿ ಮಾಡಿದ್ರಿ ಅಂತ ಒಬ್ಬನೂ ಅನ್ನಲಿಲ್ಲ.

ಅವನಿಗೆ ಬೇಕಾಗಿದ್ದುದು ಬಹಳವೇನಲ್ಲ. ಆ ಚಿತ್ರದ ಕೊನೆಯಲ್ಲಿ ನಾಲ್ಕು ಸೆಕೆಂಡಿನ ಒಂದು ಶಾಟ್ ಇತ್ತು. ಆಸ್ಪತ್ರೆಯಿಂದ ಮನೆಗೆ ಬಂದ ಶಂಕರ ಮಗಳ ಜಡೆಗೆ ರಿಬ್ಬನ್ ಕಟ್ಟುತ್ತಾನೆ. ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಎಡಗೈ ಹೆಬ್ಬೆರಳಿಗೆ ಸುತ್ತಿ, ಗಂಟು ಎಳೆಯುತ್ತಾನೆ. ಅದು ಸ್ಕ್ರಿಪ್ಟಿನಲ್ಲಿ ಇರಲಿಲ್ಲ. ಬಲಗೈಯನ್ನು ಬೆನ್ನಿಗೆ ಕಟ್ಟಿಕೊಂಡು, ಕುರ್ಚಿಯ ಕಾಲಿಗೆ ರಿಬ್ಬನ್ ಕಟ್ಟುತ್ತ, ಎರಡು ದಿನ ಕೂತು ಅವನು ಕಲಿತದ್ದು. ಸತ್ಯ ಹೇಳಬೇಕೆಂದರೆ, ಅವನು ನಟನಾಗಿದ್ದುದು ಆ ನಾಲ್ಕು ಸೆಕೆಂಡು ಮಾತ್ರ. ಅದನ್ನು ಒಬ್ಬನಾದರೂ ಕಂಡಿರಬೇಕು ಎಂಬ ಆಸೆ ಅವನನ್ನು ಏಳು ವರ್ಷದಿಂದ ತಿನ್ನುತ್ತಿತ್ತು.

ವೇಣಿ ಅವನನ್ನು ಟ್ರೈನಿಂಗ್ ರೂಮಿನಲ್ಲಿ ಕೂರಿಸಿ ಹೋದಳು. ಸ್ವಲ್ಪ ಹೊತ್ತಿಗೆ ಒಬ್ಬಾತ ಎಡಗೈಯಲ್ಲಿ ಟೀ ಹಿಡಿದು ಬಂದ. ಅಂಗಿಯ ಬಲ ತೋಳನ್ನು ಮೊಣಕೈಗೆ ಸರಿಯಾಗಿ ಮಡಚಿ ಹೊಲಿಯಲಾಗಿತ್ತು. ಅಲ್ಲಿಂದ ಕೆಳಗೆ ಏನೂ ಇರಲಿಲ್ಲ.

"ನಮಸ್ಕಾರ್ರೀ ಅಣ್ಣಾರ. ನಾ ಭರಮಪ್ಪ. ಪ್ರತಿ ಸೋಮಾರ ಇಲ್ಲೆ ನಿಮ್ಮ ಪಿಚ್ಚರ್ ಹಚ್ಚಾಂವ ನಾನ ರೀ. ಮುನ್ನೂರು ಸಲ ನೋಡೇನಿ."

ಸಿದ್ದರಾಜು ಎಡಗೈಯಲ್ಲಿ ಟೀ ತೆಗೆದುಕೊಂಡ. "ನಿಮ್ಮದು... ಇಲ್ಲೇನಾ?"

"ಅಲ್ರೀ. ನಂದು ಹೋಗಿದ್ದು ಬ್ಯಾರೆ ಕಡೆ. ಇಲ್ಲೆ ಈ ಕೆಲಸ ಕೊಟ್ಟಾರ." ಭರಮಪ್ಪ ಎದುರಿಗೆ ಕೂತು ದನಿ ತಗ್ಗಿಸಿದ. "ಅಣ್ಣಾರ, ಇಲ್ಲದ ಕೈ ತುರಸತೈತಲ್ರೀ, ನಿಮಗೂ ಹಂಗ ಆಗತೈತೇನು?"

ಅಂಗಿಯೊಳಗೆ ಬಲಗೈ ಆಗಿನಿಂದ ಬೆವತು ತುರಿಸುತ್ತಲೇ ಇತ್ತು.

"ಆಗುತ್ತೆ," ಎಂದ ಸಿದ್ದರಾಜು.

"ಮತ್ತ! ಹೇಳಿದ್ರ ಯಾರೂ ನಂಬಂಗಿಲ್ಲ ನೋಡ್ರಿ." ಭರಮಪ್ಪನಿಗೆ ಸಂತೋಷವಾಯಿತು. "ಇನ್ನೊಂದು ಮಾತು ಐತ್ರೀ. ಆ ರಿಬ್ಬನ್ ಕಟ್ಟೂದು ಐತಲ್ಲ, ಅದನ್ನ ನೋಡೇ ಕಲತೇನಿ ನಾ."

ಸಿದ್ದರಾಜು ತಟ್ಟನೆ ಮುಂದೆ ಬಾಗಿದ. ಟೀ ಅಂಗಿಯ ಮೇಲೆ ತುಳುಕಿತು.

"ಯಾವುದು?" ಎಂದ, ಗೊತ್ತಿದ್ದೂ.

"ತುದಿ ಹಲ್ಲಿನ್ಯಾಗ ಹಿಡದು, ಹೆಬ್ಬಟ್ಟಿಗೆ ಒಂದು ಸುತ್ತು ಹಾಕಿ ಜಗ್ಗತೀರಲ್ರೀ. ನನ್ನ ಹೇಣ್ತಿ ಮಲಕವ್ವ ಮುಂಜಾನೆ ಆರಕ್ಕ ಗಾರ್ಮೆಂಟ್ಸಿಗೆ ಹೋಗ್ತಾಳ. ಮಗಳ ಜಡಿ ನನ್ನ ಪಾಲಿಗೆ. ದಿನಾ ಅಳೂದು ಹುಡುಗಿ. ನಾನೂ ಅಳೂದು. ನಿಮ್ಮನ್ನ ನಿಲ್ಲಿಸಿ ನಿಲ್ಲಿಸಿ ನೋಡಿದ್ನಿ."

ಹೇಳಿಬಿಡಬೇಕು. ಅದು ನಾನೇ ಕಂಡುಹಿಡಿದದ್ದು ಕಣ್ರೀ, ಎರಡು ದಿನ ಕೂತು ಕಲಿತದ್ದು ಕಣ್ರೀ. ಮಾತು ನಾಲಿಗೆಯ ತುದಿಗೆ ಬಂದಿತ್ತು.

"ಮೊದಲ ನಂಗೂ ಅನಮಾನ ಇತ್ತು," ಎಂದ ಭರಮಪ್ಪ. "ಎಲ್ಲಾ ನಾಟಕ ಅಂದ್ಕೊಂಡಿದ್ನಿ. ಆದ್ರ ಅದನ್ನ ನೋಡಿದ ಮ್ಯಾಲೆ ಖರೇ ಅಂತ ಗೊತ್ತಾತು. ಆ್ಯಕ್ಟ್ ಮಾಡೋರಿಗೆ ಅದು ಬರಂಗಿಲ್ಲ ಬಿಡ್ರಿ. ಕೈ ಹೋದಾಂವಗಷ್ಟ ಗೊತ್ತು."

ಇದಕ್ಕಿಂತ ದೊಡ್ಡ ಹೊಗಳಿಕೆ ಯಾವ ನಟನಿಗೂ ಸಿಕ್ಕಿರಲಾರದು. ಸಿದ್ದರಾಜುವಿಗೆ ಅಳು ಬಂತು. ಭರಮಪ್ಪ ಅದನ್ನು ಬೇರೆಯೇ ಅರ್ಥದಲ್ಲಿ ತೆಗೆದುಕೊಂಡು ಅವನ ಎಡ ಭುಜ ತಟ್ಟಿದ.

"ನಾಕಕ್ಕ ಮಗಳು ಶೈಲಾ ಸಾಲಿ ಮುಗಿಸಿ ಗೇಟಿಗೆ ಬರ್ತಾಳ. ನಿಮ್ಮನ್ನ ತೋರಸ್ತೇನ್ರಿ. ನನ್ನಂಗ ಇನ್ನೊಬ್ಬರು ಅದಾರ ಅಂತ ಆಕಿ ಒಮ್ಮೆ ನೋಡ್ಲಿ."

ಶೆಡ್ಡಿನಲ್ಲಿ ಶಾಮಿಯಾನ, ಹಾರ, ಕಿರುಗುಟ್ಟುವ ಮೈಕು. ಐದು ನಿಮಿಷ ಬಂತು. ಸಿದ್ದರಾಜು ಎದ್ದು ನಿಂತ. ಮೊದಲ ಸಾಲಿನಲ್ಲಿ ಭರಮಪ್ಪ ಪಕ್ಕದವನಿಗೆ ಏನೋ ಹೇಳುತ್ತ, ನಮ್ಮವರು ಎಂಬಂತೆ ಇವನ ಕಡೆ ಗದ್ದ ಆಡಿಸಿದ.

"ನಾನೊಬ್ಬ," ಎಂದ ಸಿದ್ದರಾಜು.

ಮುನ್ನೂರು ನೀಲಿ ಅಂಗಿಗಳು ಕಾದವು.

"ಹುಷಾರಾಗಿರಿ," ಎಂದು ಹೇಳಿ ಕೂತುಬಿಟ್ಟ.

ಚಪ್ಪಾಳೆ ನಿಲ್ಲಲೇ ಇಲ್ಲ. ಬದುಕಿನಲ್ಲಿ ಅಷ್ಟು ಚಪ್ಪಾಳೆ ಅವನು ಕೇಳಿರಲಿಲ್ಲ. ಆಮೇಲೆ ಪ್ರಮಾಣವಚನ. ಎಲ್ಲರೂ ಬಲಗೈ ಮುಂದೆ ಚಾಚಿದರು. ಭರಮಪ್ಪ ಮಾತ್ರ ಇವನನ್ನೇ ನೋಡುತ್ತಿದ್ದ. ಸಿದ್ದರಾಜು ಎಡಗೈ ಚಾಚಿದ ಮೇಲೆ ಅವನೂ ಧೈರ್ಯವಾಗಿ ಎಡಗೈ ಚಾಚಿದ.

"ಸೂಪರ್ ಸಾರ್. ಪಿನ್ ಡ್ರಾಪ್ ಸೈಲೆನ್ಸ್," ಎಂದಳು ವೇಣಿ, ಪಿನ್ನು ಬಿಚ್ಚಿ ಅವನ ಅಂಗೈಗೆ ಹಾಕುತ್ತ. ಬಲಗೈ ಜೋಮು ಹಿಡಿದಿತ್ತು. ಬೆರಳು ಒಂದೊಂದನ್ನೂ ಇನ್ನೊಂದು ಕೈಯಿಂದ ಬಿಡಿಸಬೇಕಾಯಿತು. ಕಂಪನಿಯ ಅಂಗಿ ವಾಪಸು ಕೊಟ್ಟು ಅವನು ಜುಬ್ಬ ತೊಟ್ಟುಕೊಂಡ. ಪಿನ್ನು ಜೇಬಿಗೆ ಸೇರಿತು.

ಗೇಟಿನ ಸೆಕ್ಯೂರಿಟಿ ಕೋಣೆಗೆ ಬಂದಾಗ ನಾಲ್ಕೂ ಹತ್ತು. ಗಾಜಿನಾಚೆ ಬಸ್‌ಸ್ಟಾಪಿನಲ್ಲಿ ಭರಮಪ್ಪ ನಿಂತಿದ್ದ. ಪಕ್ಕದಲ್ಲಿ ಯೂನಿಫಾರ್ಮಿನ ಹುಡುಗಿ. ಎರಡು ಜಡೆ, ಎರಡು ಕೆಂಪು ರಿಬ್ಬನ್, ಬೆಳಿಗ್ಗೆ ಕಟ್ಟಿದ್ದು ಸಂಜೆಗೂ ಬಿಗಿಯಾಗಿಯೇ ಇತ್ತು. ಆನೇಕಲ್ ಬಸ್ಸು ಬಂತು. ಅವರು ಹತ್ತಲಿಲ್ಲ. ಹುಡುಗಿ ತುದಿಗಾಲಲ್ಲಿ ನಿಂತು ಗೇಟಿನ ಕಡೆ ನೋಡುತ್ತಿದ್ದಳು.

ಎರಡೂ ಕೈ ಬೀಸಿಕೊಂಡು ಹೋಗಿ, ನೋಡಮ್ಮ, ನಾನು ನಟ ಅನ್ನಬಹುದು. ಅಥವಾ ಹಿಂದಿನ ಗೇಟು ಇರಬಹುದು.

"ಸಾರ್, ಔಟ್ ಟೈಮ್ ಬರೀರಿ," ಎಂದು ಗಾರ್ಡ್ ಪಾಪಯ್ಯ ರಿಜಿಸ್ಟರ್ ತಳ್ಳಿದ. ಬೆಳಿಗ್ಗೆ ಇದೇ ಪುಸ್ತಕದಲ್ಲಿ ಸಿದ್ದರಾಜು ಬಲಗೈಯಿಂದ ದೊಡ್ಡದಾಗಿ ಬರೆದಿದ್ದ: ಸಿದ್ದರಾಜು, ನಟ.

ಅವನು ಗೋಡೆಯ ಕಡೆ ತಿರುಗಿದ. ಬಲಗೈಯನ್ನು ಮೆಲ್ಲಗೆ ಜುಬ್ಬದೊಳಗೆ ಎಳೆದುಕೊಂಡ. ಖಾಲಿ ತೋಳಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಎಡಗೈಯಲ್ಲಿ ಪಿನ್ನು ತೆರೆದ. ಮೊದಲ ಸಲ ಜಾರಿತು. ಎರಡನೆಯ ಸಲ ತುಟಿಗೆ ಚುಚ್ಚಿತು.

"ಅಯ್ಯೋ, ಕೈಗೆ ಏನಾಯ್ತು ಸಾರ್?" ಎಂದು ಪಾಪಯ್ಯ ಗಾಬರಿಯಿಂದ ಎದ್ದು ನಿಂತ.

ಬಾಯಿ ತುಂಬ ಬಟ್ಟೆಯಿತ್ತು. ಸಿದ್ದರಾಜು ತುದಿಯನ್ನು ಇನ್ನಷ್ಟು ಗಟ್ಟಿಯಾಗಿ ಕಚ್ಚಿದ.