ಅರ್ಧ ಬಕೆಟ್ ಮರಳು

“ಲೋ ಬೋಳಿಮಕ್ಕಳಾ, ನೀರಲ್ಲಿ ಮಲ್ಗೋಕೆ ಬಂದಿದೀರೇನ್ರೋ? ಲಾರಿ ಕಾಯ್ತಿರೋದು ಕಾಣಲ್ವಾ?”

ಗುತ್ತಿಗೆದಾರ ದಡದಲ್ಲಿ ನಿಂತು ಕೂಗುತ್ತಿದ್ದ. ಅವನಿಗೆ ಕೊಡೆ ಹಿಡಿಯಲು ಒಬ್ಬ ಆಳು ಬೇರೆ. ನಮ್ಮಣ್ಣ ದೋಣಿಯ ಅಂಚಿನಲ್ಲಿ ಕೂತು ಬೀಡಿಯ ಕೊನೆಯ ದಮ್ಮು ಎಳೆದ.

“ಇವನ ಬಾಯಿಗೆ ಮಣ್ ಬೀಳ,” ಎಂದು ಗೊಣಗಿ, ದೋಣಿಯ ಪಕ್ಕ ನೆಟ್ಟ ಬಿದಿರ ಗಳ ಹಿಡಿದು ಬಕೆಟ್ಟಿನೊಂದಿಗೆ ಮುಳುಗಿದ.

ಇದೇ ಜಾಗದಲ್ಲಿ ನಮ್ಮ ತಾತ ಬೇಸಿಗೆಯಲ್ಲಿ ಪಂಚೆ ಎತ್ತಿ ಕಟ್ಟಿ ನಡೆದೇ ಹೊಳೆ ದಾಟುತ್ತಿದ್ದನಂತೆ. ಮಳೆಗಾಲದಲ್ಲಿ ಎರಡೂ ದಡದವರನ್ನು ದಾಟಿಸುತ್ತಿದ್ದುದು ಅವನ ದೋಣಿಯೇ. ಸೇತುವೆ ಬಂತು, ದೋಣಿ ಮೂಲೆಗೆ ಬಿತ್ತು. ಅಪ್ಪ ಬಲೆ ಹಿಡಿದ. ಮೇಲಿನ ಕಾರ್ಖಾನೆಯ ಕೊಳಕು ನೀರು ಬಂದು ಮೀನೂ ಹೋಯಿತು. ನಮಗೆ ಉಳಿದದ್ದು ಹೊಳೆಯ ತಳ. ಪರವಾನಗಿಯಿಲ್ಲದೆ ಅದರ ಮರಳನ್ನೇ ಬಗೆದು ಬಗೆದು ಪಟ್ಟಣದವರಿಗೆ ಮನೆ ಕಟ್ಟಿಸಿದೆವು. ಈಗ ಉದ್ದನೆಯ ಬಿದಿರು ನೆಟ್ಟರೂ ತುದಿ ಮಾತ್ರ ಕಾಣುತ್ತದೆ.

ಕೆಳಗೆ ಅಣ್ಣ ಬಕೆಟ್ ತುಂಬಿ ಹಗ್ಗ ಜಗ್ಗಬೇಕು, ಮೇಲೆ ದೋಣಿಯಲ್ಲಿ ನನ್ನ ಜೊತೆ ನಿಂತ ಅತ್ತಿಗೆ ಎಳೆಯಬೇಕು. ಜಗ್ಗಿದರೆ ತುಂಬಿತು ಅಂತ ಅರ್ಥ. ಉಸಿರು ಕಟ್ಟಿತು ಎಂದು ಹೇಳಲು ಬೇರೆ ಜಗ್ಗು ನಾವು ಇಟ್ಟುಕೊಂಡೇ ಇರಲಿಲ್ಲ.

ಹಗ್ಗ ಜಗ್ಗಿತು. ಅತ್ತಿಗೆ ಎಳೆದಳು. ಬಕೆಟ್ ಅರ್ಧ ಖಾಲಿ.

“ನೋಡಪ್ಪ ನಿಮ್ಮಣ್ಣನ ಸೋಮಾರಿತನ! ಅರ್ಧ ಕಳ್ಸವ್ನೆ. ಮೇಲೆ ಬರ್ಲಿ, ಗ್ರಹಚಾರ ಬಿಡಿಸ್ತೀನಿ.”

ಮರಳು ಸುರಿದು ಬಕೆಟ್ಟನ್ನು ಮತ್ತೆ ನೀರಿಗೆಸೆದಳು. ಹಗ್ಗ ಮತ್ತೆ ಜಗ್ಗಲಿಲ್ಲ. ಬೈಗುಳ ತಪ್ಪಿಸಿಕೊಳ್ಳಲು ದೋಣಿಯ ಆಚೆ ಬದಿಗೆ ತಲೆ ಎತ್ತುವುದು ಅಣ್ಣನ ಹಳೇ ಚಾಳಿ. ಅತ್ತಿಗೆ ನಗುತ್ತಲೇ ಆಚೆ ಬಗ್ಗಿ ನೋಡಿದಳು. ಅಲ್ಲಿ ನೀರಿತ್ತು ಅಷ್ಟೇ.

ನಾನು ಹಾರಿದೆ. ಕೆಳಗೆ ಮರಳು ಬಗೆದ ಗುಂಡಿಯ ಗೋಡೆ ಕುಸಿದಿತ್ತು. ಅಣ್ಣ ಎದೆಯವರೆಗೆ ಹೂತಿದ್ದ.

ಪಕ್ಕದ ದೋಣಿಯವರೂ ನಾನೂ ಸೇರಿ ಅವನನ್ನು ಮೇಲೆ ತಂದು ದಡದಲ್ಲಿ ಮಲಗಿಸಿದೆವು. ಉಸಿರು ನಿಂತಿತ್ತು. ಬಾಯಿ ತುಂಬ ಮರಳು. ಅತ್ತಿಗೆ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು.

“ದೋಣಿ ಲೋಡು ಇಳಿಸ್ರೋ ಮೊದ್ಲು,” ಅಂದ ಗುತ್ತಿಗೆದಾರ. ಆಮೇಲೆ ನನ್ನ ಕೈಗೆ ಒಂದು ಚೊಂಬು ನೀರು ಕೊಟ್ಟ. “ಇವನ ಬಾಯಿ ತೊಳಿ. ಕೇಳಿದ್ರೆ, ಸ್ನಾನಕ್ಕೆ ಇಳಿದಿದ್ದ, ಕಾಲು ಜಾರ್ತು ಅನ್ನಿ. ಮರಳು ಗಿರಳು ಅಂತ ಯಾವನಾದ್ರೂ ಬಾಯಿಬಿಟ್ರೆ ನಾಳೆಯಿಂದ ಈ ಕಡೆ ತಲೆ ಹಾಕ್ಬೇಡಿ.”

ಗುತ್ತಿಗೆದಾರ ಆಗಲೇ ಕರೆಸಿದ್ದ ಪೊಲೀಸಿನವನು ಸೇತುವೆ ನೋಡುತ್ತಾ ನಿಂತ. ಸೇತುವೆಯನ್ನು ಅದೇ ಮೊದಲ ಸಲ ಕಂಡವನ ಹಾಗೆ.

ಹೊಟ್ಟೆಪಾಡಿನವನಿಗೆ ಎಲ್ಲಿಯ ಧೈರ್ಯ? ನಾನು ಚೊಂಬು ಹಿಡಿದು ಬಗ್ಗಿದೆ. ಅತ್ತಿಗೆ ಎರಡೂ ಅಂಗೈಯಿಂದ ಅಣ್ಣನ ಬಾಯಿ ಮುಚ್ಚಿದಳು.

“ಮುಟ್ಟಿದ್ರೆ ಕೈ ಕಡೀತೀನಿ. ಹೆಂಗ್ ಸತ್ತ ಅಂತ ಅವ್ನೇ ಹೇಳ್ಲಿ. ಊರೆಲ್ಲ ಬಂದು ನೋಡ್ಲಿ.”

ನಾನು ನೆಟ್ಟಗೆ ನಿಂತೆ. ಚೊಂಬಿನ ನೀರನ್ನು ಗುತ್ತಿಗೆದಾರನ ಮೆಟ್ಟಿನ ಮೇಲೆ ಸುರಿದೆ.

“ತೊಳೆಯಲ್ಲ.”

“ಸೂಳೇಮಗನೇ!” ಎಂದು ಅವನು ಕೈ ಎತ್ತಿದ. ಅಷ್ಟರಲ್ಲಿ ಲೋಡು ಇಳಿಸುತ್ತಿದ್ದವರು ಒಬ್ಬೊಬ್ಬರೇ ಬುಟ್ಟಿ ಕೆಳಗೆ ಹಾಕಿ ಬಂದು ಅಣ್ಣನ ಸುತ್ತ ಕೂತರು. ಎತ್ತಿದ ಕೈ ಕೆಳಗಿಳಿಯಿತು. ಲಾರಿಯವನು ಹಾರ್ನ್ ಹೊಡೆಯುತ್ತಲೇ ಇದ್ದ. ಯಾರೂ ಏಳಲಿಲ್ಲ.

ಅತ್ತಿಗೆ ಬಾಯಿ ಮುಚ್ಚಿದ ಕೈ ತೆಗೆಯದೆ ನನ್ನತ್ತ ತಿರುಗಿದಳು.

“ಹಗ್ಗ ಜಗ್ಗಿ ಕರೀತಿದ್ನಲ್ಲೋ ಅವ್ನು... ನಾನು ಅರ್ಧ ಬಕೆಟ್ ಅಂತ ಬೈದ್ನಲ್ಲೋ...”